ಹಳೆ ಡಿಪೋದ ಧೂಳು

ಜನವರಿ 9

ಅತ್ತಿಗೆಯವರಿಗೆ,

ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡುವುದು ರೂಢಿ. ನಾನು ಕೇಳುವುದಿಲ್ಲ. ನೀವು ಚೆನ್ನಾಗಿಯೇ ಇದ್ದೀರಿ ಎನ್ನುವುದಕ್ಕೆ ನಮ್ಮ ಬಸ್ ಡಿಪೋ ಗೇಟಿಗೆ ಅಂಟಿಸಿರುವ ನೋಟಿಸೇ ಸಾಕ್ಷಿ. ಕೆಳಗೆ ನಿಮ್ಮ ಸಹಿ ಇದೆ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಣ್ಣನ ದೇಹ ಬಿಡಿಸಿಕೊಳ್ಳುವಾಗ ಹಾಕಿದ ಅದೇ ಸಹಿ.

"ನಗರದ ಹೃದಯಭಾಗದಲ್ಲಿ ಜನಸ್ನೇಹಿ, ಪರಿಸರಸ್ನೇಹಿ ಚೌಕ." ಅದಕ್ಕಾಗಿ ಜೂನ್ ಮೂವತ್ತರೊಳಗೆ ಡಿಪೋ ಖಾಲಿಯಾಗಬೇಕು, ಊರಾಚೆ ಹದಿನಾಲ್ಕು ಕಿಲೋಮೀಟರ್ ದೂರ ಹೋಗಬೇಕು. ಗೇಟಿನ ತಾತ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, "ಸ್ನೇಹಿ ಸ್ನೇಹಿ ಅಂತ ಬರೆದಿದ್ದಾರಲ್ಲಮ್ಮ, ಯಾರಿಗೆ ಸ್ನೇಹ ಇದು?" ಎಂದ. "ನಮ್ಮತ್ತಿಗೆಗೆ ಸ್ನೇಹ ಮಾಡೋಕೆ ಬರಲ್ಲ ತಾತ, ಬರೆಯೋಕೆ ಮಾತ್ರ ಬರುತ್ತೆ" ಎಂದೆ.

ಒಂದು ಪ್ರಶ್ನೆ. ಬೆಳಗಿನ ಮೊದಲ ಬಸ್ಸು ಹೊರಡಿಸುವ ಡ್ರೈವರು, ಕಂಡಕ್ಟರು ಹದಿನಾಲ್ಕು ಕಿಲೋಮೀಟರ್ ದೂರದ ಡಿಪೋಗೆ ಯಾವ ಬಸ್ಸಿನಲ್ಲಿ ಬರಬೇಕು? ನೂರ ನಲವತ್ತು ಜನರ ಸಂಘದ ಕಾರ್ಯದರ್ಶಿಯಾಗಿ ಕೇಳುತ್ತಿದ್ದೇನೆ.

ಇನ್ನು ನಾದಿನಿಯಾಗಿ. ಅಣ್ಣ ಇಪ್ಪತ್ತೆರಡು ವರ್ಷ ಇಲ್ಲಿನ ಬ್ರೇಕ್ ವಿಭಾಗದಲ್ಲಿ ದುಡಿದ. ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವನೂ ಅವನೇ. ನಗರಾಭಿವೃದ್ಧಿ ಸಂಸ್ಥೆಯಲ್ಲಿ ದೊಡ್ಡ ಹುದ್ದೆ ಸಿಕ್ಕಿತೆಂದು ನೀವು ರಾಜಧಾನಿಗೆ ಹೊರಟಾಗ ಅವನು ಡಿಪೋ ಬಿಟ್ಟು ಬರಲಿಲ್ಲ. ಆ ಸಿಟ್ಟು ನಿಮಗೆ ಇಳಿದೇ ಇಲ್ಲ. ಗಂಡ ಸತ್ತ ಮೇಲೆ ಅವನ ಡಿಪೋದ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೀರಿ.

ಫೋನ್ ಮಾಡಬೇಡಿ. ಫೋನಿನಲ್ಲಿ ಯಾವಾಗಲೂ ನೀವೇ ಗೆಲ್ಲುತ್ತೀರಿ. ಕಾಗದದಲ್ಲಿ ನಾವಿಬ್ಬರೂ ಸಮ.

ನಿಮ್ಮ ನಾದಿನಿ


ಜನವರಿ 17

ನಾದಿನಿಗೆ,

ನೀನು ಕಾಗದವನ್ನು ನನ್ನ ಕಚೇರಿಯ ವಿಳಾಸಕ್ಕೆ ಕಳಿಸಿದ್ದೀಯ. ನನಗಿಂತ ಮೊದಲು ಮೂವರು ಓದಿದರು. ಅದೇ ನಿನ್ನ ಉದ್ದೇಶವಾಗಿದ್ದರೆ ಕೆಲಸ ಆಗಿದೆ.

ಹತ್ತೊಂಬತ್ತು ವರ್ಷಗಳಲ್ಲಿ ನಾನು ಹನ್ನೊಂದು ಚೌಕಗಳನ್ನು ಮಾಡಿಸಿದ್ದೇನೆ. ಒಂದು ಕಡೆ ಕಾರು ನಿಲ್ಲಿಸುವ ಬಯಲಿತ್ತು. ಕತ್ತಲಾದರೆ ಹೆಂಗಸರು ಸುತ್ತು ಬಳಸಿ ಮನೆಗೆ ಹೋಗುತ್ತಿದ್ದರು. ಈಗ ಅಲ್ಲಿ ಮರಗಳಿವೆ, ದೀಪಗಳಿವೆ, ಮುದುಕರು ಚದುರಂಗ ಆಡುತ್ತಾರೆ, ಹೆಂಗಸರು ನಡುವಿನಲ್ಲೇ ನಡೆದುಹೋಗುತ್ತಾರೆ. ಜಾಗ ಸರಿಯಾದರೆ ಜನ ಹೊರಗೆ ಬರುತ್ತಾರೆ ಎನ್ನುವುದು ನನ್ನ ಕಸುಬಿನ ನಂಬಿಕೆ. ನಿಮ್ಮ ಊರಿನ ನಟ್ಟನಡುವೆ ಆರು ಎಕರೆ ಡೀಸೆಲ್ ಕುಡಿದ ನೆಲವಿದೆ. ಅಲ್ಲಿ ನೆರಳು ಬರಲಿ, ಮಳೆನೀರು ಇಂಗಲಿ ಎನ್ನುವುದನ್ನು ಸೇಡು ಎಂದು ಕರೆಯುವವಳು ನೀನೊಬ್ಬಳೇ.

ಮೊದಲ ಪಾಳಿಯವರಿಗೆ ವಾಹನದ ವ್ಯವಸ್ಥೆ ಆಗುತ್ತದೆ. ಜೂನ್ ಗಡುವು ಮಾತ್ರ ಬದಲಾಗುವುದಿಲ್ಲ. ನೀನಂತೂ ಅದಕ್ಕೂ ಮೊದಲೇ ಟಿಕೆಟ್ ಕೌಂಟರಿಗೆ ವರ್ಗ ಕೇಳಿಕೊಂಡರೆ ಒಳ್ಳೆಯದು. ನಾನು ಹೇಳಿಸುತ್ತೇನೆ.

ಗಂಡನ ವಿಷಯ. ಅವನ ಕೊನೆಯ ಏಳು ತಿಂಗಳು ಆಸ್ಪತ್ರೆಯ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತವಳು ನಾನು. ನೀನು ನಾಲ್ಕು ಸಲ ಬಂದೆ. ಬಂದಾಗಲೆಲ್ಲ ಅವನ ಮುಖ ನೋಡದೆ ಕಿಟಕಿ ನೋಡಿಕೊಂಡು ನಿಂತೆ. ಲೆಕ್ಕ ಹಾಕುವುದಾದರೆ ನನಗೂ ಬರುತ್ತದೆ.

ಅತ್ತಿಗೆ


ಜನವರಿ 25

ಅತ್ತಿಗೆಯವರಿಗೆ,

ಟಿಕೆಟ್ ಕೌಂಟರು! ಇಪ್ಪತ್ತು ಟನ್ ಬಸ್ಸನ್ನು ನಿಲ್ಲಿಸುವ ಬ್ರೇಕು ಕಟ್ಟುವ ಕೈ ನನ್ನದು. ಅದಕ್ಕೆ ಚಿಲ್ಲರೆ ಎಣಿಸುವ ಕೆಲಸ ಕೊಡಿಸುತ್ತೀರಾ? ನಿಮ್ಮ ಉಪಕಾರ ನಿಮ್ಮಲ್ಲೇ ಇರಲಿ.

ಮೊನ್ನೆ ನಿಮ್ಮ ಸಹಾಯಕ "ಜನಾಭಿಪ್ರಾಯ ಸಂಗ್ರಹ"ಕ್ಕೆ ಬಂದಿದ್ದ. ಕ್ಯಾಂಟೀನಿನ ಗೋಡೆಗೆ ಹಾಸಿಗೆಯಷ್ಟು ದೊಡ್ಡ ಚಿತ್ರ ನೇತುಹಾಕಿ, ನಮ್ಮ ಕೈಗೆ ಬಣ್ಣದ ಚುಕ್ಕಿಗಳ ಹಾಳೆ ಕೊಟ್ಟ. ಕಾರಂಜಿ ಬೇಕಿದ್ದರೆ ನೀಲಿ, ಉಯ್ಯಾಲೆ ಬೇಕಿದ್ದರೆ ಹಳದಿ, ಬಯಲು ರಂಗಮಂದಿರ ಬೇಕಿದ್ದರೆ ಕೆಂಪು. "ಡಿಪೋ ಇರಲಿ ಅನ್ನೋರಿಗೆ ಯಾವ ಬಣ್ಣ ಸಾರ್?" ಎಂದು ಒಬ್ಬಳು ಕಂಡಕ್ಟರ್ ಕೇಳಿದಳು. "ಆ ಆಯ್ಕೆ ಇದರಲ್ಲಿ ಇಲ್ಲ ಮೇಡಂ" ಎಂದ. ಪಾಪ, ಮರ್ಯಾದಸ್ಥ. ಅವನು ಕಾಫಿ ಕುಡಿಯುತ್ತಿದ್ದಾಗ ಚುಕ್ಕಿಗಳನ್ನೆಲ್ಲ ಅವನ ಬೆನ್ನಿಗೆ ಅಂಟಿಸಿ ಕಳಿಸಿದೆವು. ಜನಾಭಿಪ್ರಾಯ ನಿಮ್ಮ ಕಚೇರಿಗೆ ಹಾಗೆಯೇ ತಲುಪಿರಬೇಕು.

ಚಿತ್ರದಲ್ಲಿ ಬಲೂನು ಹಿಡಿದ ಮಗುವಿದೆ, ನಾಯಿ ಹಿಡಿದ ಹೆಂಗಸಿದ್ದಾಳೆ, ಪುಸ್ತಕ ಓದುವ ಗಂಡಸಿದ್ದಾನೆ. ಒಂದೇ ಒಂದು ಬಸ್ಸಿಲ್ಲ. ಇವರೆಲ್ಲ ಅಲ್ಲಿಗೆ ಹಾರಿಕೊಂಡು ಬಂದರೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇದಕ್ಕೇ.

ನಾವು ವಕೀಲರನ್ನು ಹಿಡಿದಿದ್ದೇವೆ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ಕೆಮ್ಮು ಶುರುವಾಗಿ ತಿಂಗಳಾಯಿತು, ನಿಂತಿಲ್ಲ. ಆದರೂ ದನಿ ನಿಮ್ಮವರೆಗೆ ಬರುವಷ್ಟು ಉಳಿದಿದೆ.

ಅಂದಹಾಗೆ, ನಾನು ಕಿಟಕಿ ನೋಡಿದ್ದು ನನ್ನ ಸಂಕಟಕ್ಕೆ. ಅದನ್ನು ಅಳೆಯಲು ನೀವು ಯಾರು?

ನಾದಿನಿ


ಫೆಬ್ರವರಿ 2

ಕೆಮ್ಮಿನಲ್ಲಿ ಕಫ ಬರುತ್ತದೆಯೇ, ಒಣಕೆಮ್ಮೇ? ಮೆಟ್ಟಿಲು ಹತ್ತಿದಾಗ ಏದುಸಿರು ಬರುತ್ತದೆಯೇ?

ನಾಳೆಯಿಂದಲೇ ಬ್ರೇಕ್ ವಿಭಾಗಕ್ಕೆ ರಜೆ ಹಾಕು. ಎದೆಯ ಎಕ್ಸ್-ರೇ ತೆಗೆಸು. ಡಿಪೋದ ಡಾಕ್ಟರ ಹತ್ತಿರ ಬೇಡ, ದೊಡ್ಡ ಆಸ್ಪತ್ರೆಯಲ್ಲಿ ತೆಗೆಸು. ಕಾರಣ ಕೇಳಬೇಡ. ಈ ಒಂದು ಸಲ ನಾನು ಹೇಳಿದಷ್ಟು ಮಾಡು.

ಅತ್ತಿಗೆ


ಫೆಬ್ರವರಿ 10

ಅತ್ತಿಗೆಯವರಿಗೆ,

ಮೂಗಿಗೆ ತುಪ್ಪ ಸವರುವುದನ್ನು ಯಾವಾಗ ಕಲಿತಿರಿ? ನಿಮ್ಮ ಕಾಗದವನ್ನು ನಮ್ಮ ಫೋರ್‌ಮನ್‌ಗೆ ತೋರಿಸಿದೆ. ಅವರನ್ನು ನಾವೆಲ್ಲ ಸ್ಪ್ಯಾನರ್ ಮಾವ ಎನ್ನುತ್ತೇವೆ. ನಿಮಗೂ ಗೊತ್ತು, ನಿಮ್ಮ ಮದುವೆಯಲ್ಲಿ ಕುರ್ಚಿ ಹೊತ್ತವರು. ಅವರು ಓದಿ ನಕ್ಕುಬಿಟ್ಟರು. "ಇಪ್ಪತ್ತಕ್ಕೆ ಸಭೆ ಇದೆಯಲ್ಲ ಕಣೆ, ಅಷ್ಟರೊಳಗೆ ನಿನ್ನ ಮಲಗಿಸಬೇಕು ಅಂತ ಪ್ಲಾನು. ಕಾರ್ಯದರ್ಶಿ ಆಸ್ಪತ್ರೇಲಿದ್ರೆ ಯಾರು ಮಾತಾಡ್ತಾರೆ?" ಎಂದರು. ನನಗೂ ಹಾಗೇ ಅನ್ನಿಸಿತು.

ಕೆಲಸಕ್ಕೆ ದಿನವೂ ಹೋಗುತ್ತಿದ್ದೇನೆ. ನಿನ್ನೆ ಒಂದೇ ಪಾಳಿಯಲ್ಲಿ ಆರು ಬ್ರೇಕ್ ಡ್ರಮ್ ಬಿಚ್ಚಿ, ಒಳಗಿನ ಧೂಳನ್ನು ಗಾಳಿ ಪೈಪಿನಿಂದ ಊದಿ, ಸವೆದ ಪಟ್ಟಿ ತೆಗೆದು ಹೊಸ ಲೈನರ್ ಕೂರಿಸಿದೆ. ಕೆಮ್ಮುತ್ತಲೇ.

ಇಪ್ಪತ್ತರಂದು ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಗೇಟಿನ ಬಳಿ ಎಲ್ಲರೂ ಸೇರುತ್ತೇವೆ. ಕೈ ಎತ್ತಿ ತೀರ್ಮಾನ ಮಾಡಿ, ಮರುದಿನವೇ ಕೋರ್ಟಿಗೆ ಹೋಗುತ್ತೇವೆ. ತಡೆಯಾಜ್ಞೆ ಸಿಕ್ಕಿದರೆ ಐದಾರು ವರ್ಷ ನಮ್ಮನ್ನು ಇಲ್ಲಿಂದ ಯಾರೂ ಅಲುಗಾಡಿಸಲಾರರು ಎಂದು ವಕೀಲರು ಹೇಳಿದ್ದಾರೆ. ನಿಮ್ಮ ಹನ್ನೆರಡನೆಯ ಚೌಕವನ್ನು ಬೇರೆ ಯಾವುದಾದರೂ ಊರಲ್ಲಿ ಹುಡುಕಿಕೊಳ್ಳಿ.

ನಾದಿನಿ


ಫೆಬ್ರವರಿ 14

ನಾದಿನಿಗೆ,

ಇದರ ಜೊತೆ ಮೂವತ್ತೆರಡು ಪುಟಗಳ ವರದಿ ಇದೆ. ಇದನ್ನು ನಿನಗೆ ಕಳಿಸುವುದು ನನ್ನ ನೌಕರಿಯ ಕರಾರಿಗೆ ವಿರುದ್ಧ. ಅಂಚೆಗೆ ಹಾಕದೆ ಕೊರಿಯರ್‌ಗೆ ಕೊಡುತ್ತಿದ್ದೇನೆ, ಸಭೆಗೆ ಮೊದಲೇ ಕೈ ಸೇರಲಿ ಎಂದು.

ನೆಲ ಅಗೆಯುವ ಮುನ್ನ ಮಣ್ಣು ಪರೀಕ್ಷೆ ಮಾಡಿಸುವುದು ನಮ್ಮ ಪದ್ಧತಿ. ನಿಮ್ಮ ಡಿಪೋದ ಏಳು ಕಡೆಯಿಂದ ಮಾದರಿ ತೆಗೆದರು. ನೀವು ಸಿಮೆಂಟ್ ಶೀಟು ಎಂದು ಕರೆಯುವ ಚಾವಣಿ ಕಲ್ನಾರಿನದು, ಅಂದರೆ ಆಸ್ಬೆಸ್ಟಾಸ್, ಪುಡಿಯಾಗಿ ಉದುರುತ್ತಿದೆ. ಹಳೆ ಬ್ರೇಕ್ ಲೈನರಿನಲ್ಲೂ ಅದೇ ನಾರು. ಗಾಳಿ ಪೈಪಿನಿಂದ ಊದಿದಾಗ ಏಳುವ ಬೂದು ಧೂಳು ಅದೇ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಹದಿನೈದು, ಇಪ್ಪತ್ತು, ಮೂವತ್ತು ವರ್ಷ ಶ್ವಾಸಕೋಶದಲ್ಲೇ ಕೂತಿದ್ದು ಕೊನೆಗೆ ರೋಗವಾಗಿ ಏಳುತ್ತದೆ. ಹತ್ತೊಂಬತ್ತನೇ ಪುಟ ಓದು.

ನಿನ್ನ ಅಣ್ಣನನ್ನು ಬೀಡಿ ಕೊಂದಿತು ಎಂದು ನೀವೆಲ್ಲ ಮಾತಾಡಿಕೊಂಡಿರಿ. ಅವನು ಬೀಡಿ ಬಿಟ್ಟು ಹದಿನೈದು ವರ್ಷವಾಗಿತ್ತು.

ವರದಿ ಹೊರಬಿದ್ದರೆ ಜಾಗ ಅಭಿವೃದ್ಧಿ ಮಾಡುವ ಕಂಪನಿ ಕೈಬಿಡುತ್ತದೆ, ಡಿಪೋ ಹಾಗೆಯೇ ಉಳಿದುಬಿಡುತ್ತದೆ, ಒಪ್ಪಂದಕ್ಕೆ ಸಹಿ ಬೀಳುವವರೆಗೆ ಬಾಯಿ ಮುಚ್ಚಿಕೊಂಡಿರು ಎಂದು ನನ್ನ ಆಡಳಿತ ಮಂಡಳಿ ಹೇಳಿತು. ನಾನು ಒಪ್ಪಿದೆ. ಏನೇ ಬೈಸಿಕೊಂಡರೂ ಜೂನಿನೊಳಗೆ ನಿಮ್ಮನ್ನು ಅಲ್ಲಿಂದ ಹೊರಗೆ ಹಾಕಿದರೆ ಸಾಕು ಎಂದುಕೊಂಡೆ. ಈಗ ನೀನು ಅಲ್ಲೇ ಐದು ವರ್ಷ ಉಳಿಯಲು ಕೋರ್ಟಿಗೆ ಹೊರಟಿದ್ದೀಯ.

ಇನ್ನೊಂದು ಮಾತು. ಒಂದು ಮಧ್ಯಾಹ್ನ ಅವನು ಆಸ್ಪತ್ರೆಯಲ್ಲಿ ಮಾಸ್ಕ್ ತೆಗೆದು ಹೇಳಿದ: "ನಾನು ಬರೆದು ಕೊಟ್ಟಿದ್ದೆ ಕಣೆ. ಧೂಳಿನ ವಿಷಯ. ಸಂಘದವರು ಎಲ್ಲೋ ಕಳೆದುಹಾಕಿದರು." ಯಾರು ಎಂದು ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿದ. ನೀನು ಹತ್ತು ವರ್ಷದಿಂದ ಕಾರ್ಯದರ್ಶಿ. ಕಳೆದುಹಾಕಿದವರು ಯಾರೆಂದು ನಿನಗೆ ಗೊತ್ತಿರಬೇಕು.

ಅತ್ತಿಗೆ


ಫೆಬ್ರವರಿ 23

ಅತ್ತಿಗೆಯವರಿಗೆ,

ವರದಿ ಹದಿನೇಳರಂದು ಬಂತು. ಎರಡು ದಿನ ಯಾರಿಗೂ ತೋರಿಸಲಿಲ್ಲ. ಹರಿದುಹಾಕಬೇಕು ಎಂದು ಒಮ್ಮೆ ಅನ್ನಿಸಿದ್ದೂ ಹೌದು. ಬರೆದುಬಿಡುತ್ತೇನೆ, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ.

ಇಪ್ಪತ್ತರಂದು ಗೇಟಿನ ಬಳಿ ಕಟ್ಟೆಯ ಮೇಲೆ ನಿಂತೆ. ಕೋರ್ಟಿನ ಮಾತು ಕೇಳಲು ಜನ ಸಿದ್ಧವಾಗಿ ನಿಂತಿದ್ದರು. ನಾನು ಹತ್ತೊಂಬತ್ತನೇ ಪುಟ ಓದಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ವರ್ಕ್‌ಶಾಪಿನ ಚಾವಣಿ ನೋಡಿದರು. ಊಟದ ಡಬ್ಬಿ ತೆರೆದಿದ್ದವರು ಮುಚ್ಚಿದರು.

"ಯಾವತ್ತಿಂದು ಈ ರಿಪೋರ್ಟು?" ಎಂದರು ಸ್ಪ್ಯಾನರ್ ಮಾವ.

"ಹೋದ ವರ್ಷ ಮಾರ್ಚ್ ಹನ್ನೆರಡು."

"ಅಂದ್ರೆ ಹನ್ನೊಂದು ತಿಂಗಳು ಗೊತ್ತಿದ್ದೂ..." ಎಂದು ನಿಲ್ಲಿಸಿದರು. ಆಮೇಲೆ ನಿಮ್ಮನ್ನು ಬೈದ ಬೈಗುಳವನ್ನು ನಾನು ಬರೆಯಲಾರೆ. ನಾನು ತಡೆಯಲೂ ಇಲ್ಲ. ಆ ಹನ್ನೊಂದು ತಿಂಗಳಲ್ಲಿ ನಾನೊಬ್ಬಳೇ ಸಾವಿರ ಡ್ರಮ್ ಊದಿದ್ದೇನೆ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ನೀರು ಹಾಕಿ ತೊಳೆಯುತ್ತಿದ್ದೆವು. ಒಂದು ಬಕೆಟ್ ನೀರು ಸಾಕಿತ್ತು, ಅತ್ತಿಗೆ. ನಿಮಗೆ ಕಂಪನಿಯ ಸಹಿ ಬೇಕಿತ್ತು.

ಈಗ ನನ್ನ ಸರದಿ. ನಿಮಗೆ ಹೇಳುವ ಮೊದಲು ಅವರಿಗೆ ಹೇಳಬೇಕಿತ್ತು. ಅದೇ ಕಟ್ಟೆಯ ಮೇಲೆ ನಿಂತು ಹೇಳಿದೆ. ಒಂಬತ್ತು ವರ್ಷದ ಹಿಂದೆ, ಆಗಸ್ಟ್ ನಾಲ್ಕರಂದು ಅಣ್ಣ ಒಂದು ಹಾಳೆಯ ದೂರು ಬರೆದುಕೊಟ್ಟ. ಧೂಳನ್ನು ಊದುವುದು ನಿಲ್ಲಿಸಿ, ಒದ್ದೆ ಮಾಡಿ ತೆಗೆಯಬೇಕು, ಮುಖಕ್ಕೆ ಕವಚ ಕೊಡಬೇಕು, ಶೀಟು ಬದಲಿಸಬೇಕು ಎಂದಿತ್ತು. ಮ್ಯಾನೇಜರ್ ನನ್ನನ್ನು ಕರೆಸಿ, "ದೂರು ದಾಖಲಾದ್ರೆ ವರ್ಕ್‌ಶಾಪೇ ಮುಚ್ತಾರೆ. ಅದರ ಬದಲು ಧೂಳು ಭತ್ಯೆ ಕೊಡಿಸ್ತೀನಿ, ಎಲ್ಲರಿಗೂ" ಎಂದರು. ಹೊಸ ಕಾರ್ಯದರ್ಶಿ ನಾನು, ಗೆದ್ದುಬಂದೆ ಎಂದುಕೊಂಡೆ. ಎಲ್ಲರೂ ಹೆಗಲ ಮೇಲೆ ಹೊತ್ತು ಕುಣಿದರು. ದೂರು ನನ್ನ ಡ್ರಾಯರ್ ಸೇರಿತು. ಅಣ್ಣನಿಗೆ "ಮೇಲೆ ಕಳಿಸಿದ್ದೀನಿ" ಎಂದೆ. ಎರಡು ವರ್ಷ ಆಗಾಗ ಕೇಳುತ್ತಿದ್ದ. ಆಮೇಲೆ ಕೇಳುವುದು ಬಿಟ್ಟ. ಅವನಿಗೆ ಗೊತ್ತಾಗಿತ್ತು ಎಂದು ನಿಮ್ಮ ಕಾಗದ ಓದಿದ ಮೇಲೆ ನನಗೆ ಗೊತ್ತಾಯಿತು.

ಸ್ಪ್ಯಾನರ್ ಮಾವ ಬೈಯಲಿಲ್ಲ. ನೆಲದ ಮೇಲೆ ಕೂತುಬಿಟ್ಟರು. "ಆ ಭತ್ಯೇಲಿ ಮಗಳಿಗೆ ಸೈಕಲ್ ಕೊಡಿಸಿದ್ದೆ ಕಣೆ" ಎಂದರು, ಅಷ್ಟೇ.

ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ತೆಗೆಯಬೇಕೆಂದು ಕೈ ಎತ್ತಿದರು. ನಾನೂ ಎತ್ತಿದೆ. ನಂತರ ಎಲ್ಲರೂ ಸೇರಿ ವರ್ಕ್‌ಶಾಪಿಗೆ ನಾವೇ ಬೀಗ ಹಾಕಿದೆವು. ಬಸ್ಸುಗಳು ಈಗ ಮೈದಾನದಲ್ಲಿ ನಿಲ್ಲುತ್ತಿವೆ.

ನಾನು ಅವನಿಗೆ ಮಾಡಿದ್ದನ್ನೇ ನೀವು ನಮಗೆ ಮಾಡಿದಿರಿ. ಅದಕ್ಕೇ ನಿಮ್ಮನ್ನು ಕ್ಷಮಿಸುವುದು ನನ್ನಿಂದ ಆಗುವುದಿಲ್ಲ.

ನಾದಿನಿ


ಮಾರ್ಚ್ 6

ನಾದಿನಿಗೆ,

ನನ್ನನ್ನು ಹುದ್ದೆಯಿಂದ ತೆಗೆದಿದ್ದಾರೆ. ಗೌಪ್ಯ ದಾಖಲೆ ಹೊರಗೆ ಕೊಟ್ಟದ್ದಕ್ಕೆ. ಅದನ್ನು ಹನ್ನೊಂದು ತಿಂಗಳು ಬಚ್ಚಿಟ್ಟದ್ದಕ್ಕೆ ಯಾರೂ ಒಂದು ಮಾತೂ ಕೇಳಲಿಲ್ಲ. ಮೇಜು ಖಾಲಿ ಮಾಡಿ ಬಂದೆ. ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ವರ್ಷ ಹಿಡಿಸಿತು.

ನಿನ್ನ ಕಾಗದ ಓದಿ ಮೊದಲ ಮೂರು ದಿನ ನಿನ್ನ ಮೇಲೆ ಕುದಿಯುತ್ತಿದ್ದೆ. ಅವನು ಹೆಸರು ಹೇಳದೆ ಗೋಡೆಗೆ ತಿರುಗಿದ್ದು ಯಾಕೆಂದು ಈಗ ತಿಳಿಯಿತು. ಸಾಯುವಾಗಲೂ ತಂಗಿಯನ್ನು ಕಾಪಾಡಿದ. ನನಗಿಂತ ನೀನೇ ಹೆಚ್ಚಾದೆ ಎಂದು ಹೊಟ್ಟೆ ಉರಿಯಿತು. ಸತ್ತವನ ಪ್ರೀತಿಗೂ ಹೊಟ್ಟೆಕಿಚ್ಚು ಪಡುವಷ್ಟು ಸಣ್ಣವಳು ನಾನು ಎಂದೂ ಗೊತ್ತಾಯಿತು.

ಒಂದು ಬಕೆಟ್ ನೀರು ಎಂದು ಬರೆದಿದ್ದೀಯ. ಜನರಿಗಾಗಿ ಜಾಗ ಮಾಡುತ್ತೇನೆ ಎಂದು ಊರೂರು ತಿರುಗಿ ಭಾಷಣ ಮಾಡಿದೆ. ನಕ್ಷೆಯಲ್ಲಿ ಮುಂದೆ ಬರುವ ಜನರನ್ನು ಬಿಡಿಸಿದೆ. ಆಗಲೇ ಅಲ್ಲಿದ್ದವರನ್ನು ತೆರವು ಎಂಬ ಒಂದೇ ಪದದಲ್ಲಿ ಬರೆದು ಮುಗಿಸಿದೆ.

ಡಿಪೋದ ಧೂಳಿನ ಬಗ್ಗೆ ಸರ್ಕಾರ ನಡೆಸುವ ವಿಚಾರಣೆ ಏಪ್ರಿಲ್ ಮೂರಕ್ಕೆ ನಿಮ್ಮ ಊರಿನಲ್ಲೇ. ಇಬ್ಬರನ್ನೂ ಕರೆದಿದ್ದಾರೆ. ನಾನು ಹೋಟೆಲಿನಲ್ಲಿ ಇಳಿದುಕೊಳ್ಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡುವುದೂ ಇಲ್ಲ. ಎಕ್ಸ್-ರೇ ತೆಗೆಸಿದೆಯಾ? ಅದಕ್ಕೆ ಮಾತ್ರ ಉತ್ತರ ಬರೆ.

ಅತ್ತಿಗೆ


ಏಪ್ರಿಲ್ 5

ಅತ್ತಿಗೆಯವರಿಗೆ,

ಮೊನ್ನೆ ಪುರಸಭೆಯ ಆ ಕೋಣೆಯಲ್ಲಿ ಒಂದೇ ಬೆಂಚಿನ ಮೇಲೆ ಮೂರು ಗಂಟೆ ಕೂತೆವು, ನಡುವೆ ನಿಮ್ಮ ಕೈಚೀಲ ಇಟ್ಟುಕೊಂಡು. ಒಂದು ಮಾತೂ ಆಡಲಿಲ್ಲ. ಹಾಗಾಗಿ ಮತ್ತೆ ಕಾಗದವೇ.

ನನ್ನನ್ನು ಮೊದಲು ಕರೆದರು. "ನಿಮಗೆ ಯಾವಾಗ ಗೊತ್ತಾಯಿತು?" ಎಂದು ಅಧಿಕಾರಿ ಕೇಳಿದಾಗ ತಾರೀಖು ಹೇಳಿದೆ, ಭತ್ಯೆಯ ಕಥೆ ಹೇಳಿದೆ, ಡ್ರಾಯರಿನಲ್ಲಿದ್ದ ಹಾಳೆ ಕೊಟ್ಟೆ. ನೀವು ಎದ್ದು ನಿಂತಾಗ ನಿಮ್ಮ ಆಡಳಿತ ಮಂಡಳಿಯ ವಕೀಲ, "ಮೇಡಂ ಅವರಿಗೆ ವರದಿಯ ಗಂಭೀರತೆ ಆಗ ಅರ್ಥವಾಗಿರಲಿಲ್ಲ" ಎಂದು ದಾರಿ ತೋರಿಸಿದ. ನಿಮ್ಮ ತಲೆ ಉಳಿಸಲೆಂದೋ, ಅವರ ತಲೆ ಉಳಿಸಲೆಂದೋ. ನೀವು ಆ ದಾರಿ ಹಿಡಿಯುತ್ತೀರಿ ಎಂದೇ ನಾನು ಕಾದಿದ್ದೆ. "ಅರ್ಥವಾಗಿತ್ತು. ನನ್ನ ಗಂಡ ಅದರಿಂದಲೇ ಸತ್ತ ಅಂತಲೂ ಅರ್ಥವಾಗಿತ್ತು. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ" ಎಂದಿರಿ. ಹಿಂದಿನ ಸಾಲಿನಲ್ಲಿ ಸ್ಪ್ಯಾನರ್ ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನೀವು ನೋಡಲಿಲ್ಲ, ಅದಕ್ಕೆ ಬರೆದೆ.

ತೀರ್ಮಾನ ನಿನ್ನೆ ಸಂಜೆ ಬಂತು. ಧೂಳು ಹಾರದಂತೆ ಸುತ್ತ ಹೊದಿಕೆ ಕಟ್ಟಿ ಚಾವಣಿ ಇಳಿಸಬೇಕು, ಮಣ್ಣು ತೆಗೆಯಬೇಕು, ಅಲ್ಲಿಯವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ. ನಮಗೆ ಮೈದಾನದ ಪಕ್ಕ ತಾತ್ಕಾಲಿಕ ವರ್ಕ್‌ಶಾಪು. ಚೌಕ ಆಗುವುದಾದರೆ ಏಳೆಂಟು ವರ್ಷದ ಮೇಲೆ. ನಿಮ್ಮ ಜಾಗಕ್ಕೆ ಬಂದವರು ಹೊಸ ನಕ್ಷೆ ಮಾಡುವ ಮೊದಲು ನಮ್ಮನ್ನು ಕೂರಿಸಿ ಮಾತಾಡಿಸುತ್ತಾರಂತೆ. ಮಾತಾಡಿಸಲಿ. ನಂಬಿಕೆ ಬರುವುದು ಆಮೇಲೆ.

ನೀವು ಕೇಳಿದ್ದಕ್ಕೆ ಉತ್ತರ. ಎಕ್ಸ್-ರೇ ತೆಗೆಸಿದೆ. ಶ್ವಾಸಕೋಶದ ಅಂಚಿನಲ್ಲಿ ಗೆರೆಗಳಿವೆ. ನೂರ ನಲವತ್ತು ಜನರಲ್ಲಿ ಮೂವತ್ತೊಂದು ಜನರಿಗೆ ಎರಡನೇ ಪರೀಕ್ಷೆ ಬರೆದಿದ್ದಾರೆ, ಅದರಲ್ಲಿ ನಾನೊಬ್ಬಳು. ಸಾಯುತ್ತೇನೆ ಎಂದಲ್ಲ, ಬದುಕುತ್ತೇನೆ ಎಂದೂ ಅಲ್ಲ, ನೋಡುತ್ತಿರಬೇಕು ಎಂದಿದ್ದಾರೆ.

ಪರೀಕ್ಷೆ ಮಾಡಿದ ವೈದ್ಯೆ ಅಣ್ಣನ ವಿಷಯ ಬರೆದುಕೊಳ್ಳುತ್ತಾ, "ಅವರ ಕೆಲಸದ ಬಟ್ಟೆ ಯಾರು ಒಗೀತಿದ್ರು?" ಎಂದರು. ನನಗೆ ಅರ್ಥವಾಗಲಿಲ್ಲ. "ಬಟ್ಟೆ ಕೊಡವಿ ಒಗೆಯೋರ ಒಳಗೂ ಧೂಳು ಹೋಗಿರುತ್ತೆ. ಅವರನ್ನೂ ನೋಡ್ಬೇಕು" ಎಂದರು. ರಾಜಧಾನಿಗೆ ಹೋಗುವ ಮುಂಚಿನ ಆ ಐದು ವರ್ಷ, ಹಿತ್ತಲ ಕಲ್ಲಿನ ಮೇಲೆ ನೀವು ಅವನ ಖಾಕಿ ಅಂಗಿ ಎರಡೆರಡು ಸಲ ಕೊಡವುತ್ತಿದ್ದದ್ದು ನೆನಪಾಯಿತು.

ಪಟ್ಟಿಯಲ್ಲಿ ನಿಮ್ಮನ್ನೂ ಬರೆಸಿದ್ದೇನೆ. ಹದಿನೆಂಟನೇ ತಾರೀಖು, ಬೆಳಿಗ್ಗೆ ಒಂಬತ್ತಕ್ಕೆ, ದೊಡ್ಡ ಆಸ್ಪತ್ರೆಯ ಎರಡನೇ ಮಹಡಿ. ಬೆಳಿಗ್ಗೆ ಏನೂ ತಿನ್ನದೆ ಬರಬೇಕು. ಹನ್ನೆರಡನೇ ಚೀಟಿ ನನ್ನದು, ಹದಿಮೂರನೆಯದು ನಿಮ್ಮದು.

ನಾದಿನಿ